ಪ್ರಾಥಮಿಕ ಆರೋಗ್ಯ ಸೇವೆಯಲ್ಲಿರುವ ಸಮುದಾಯ ಆರೋಗ್ಯ ಕಾರ್ಯಕರ್ತರಿಗೆ ಕಣ್ಣಿನ ಆರೈಕೆಯ ಯಾವ ಕೌಶಲಗಳು ಬೇಕು?

ಅವರು ನೇತ್ರತಜ್ಞರಾಗಬೇಕಿಲ್ಲ, ದೃಷ್ಟಿ ಅಳೆಯುವುದು, ಟಾರ್ಚ್ ಬೆಳಕಿನಲ್ಲಿ ಕಣ್ಣನ್ನು ಪರೀಕ್ಷಿಸುವುದು ಮತ್ತು ಯಾರನ್ನು ಎಷ್ಟು ಬೇಗ ಆಸ್ಪತ್ರೆಗೆ ಕಳುಹಿಸಬೇಕೆಂದು ನಿರ್ಧರಿಸುವುದು ಚೆನ್ನಾಗಿ ತಿಳಿದಿದ್ದರೆ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ 2019ರ ವರದಿಯ ಪ್ರಕಾರ ಜಗತ್ತಿನಲ್ಲಿ ಕನಿಷ್ಠ 220 ಕೋಟಿ ಜನರಿಗೆ ದೃಷ್ಟಿದೋಷವಿದ್ದು, ಅವರಲ್ಲಿ ಕನಿಷ್ಠ 100 ಕೋಟಿ ಮಂದಿಯ ತೊಂದರೆ ತಡೆಯಬಹುದಾಗಿದ್ದದ್ದು ಅಥವಾ ಇನ್ನೂ ಚಿಕಿತ್ಸೆ ಸಿಗದೆ ಉಳಿದದ್ದು.

ನನ್ನ ದೃಷ್ಟಿಯಲ್ಲಿ ಮೊದಲು ಕಲಿಸಬೇಕಾದದ್ದು ದೃಷ್ಟಿ ಪರೀಕ್ಷೆ. ಅಕ್ಷರ ಅಥವಾ ಚಿಹ್ನೆಗಳ ಫಲಕವನ್ನು ಆರು ಮೀಟರ್ ದೂರದಲ್ಲಿಟ್ಟು, ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿಸಿ (ಬೆರಳಿನಿಂದ ಮುಚ್ಚಿದರೆ ಸಂದಿಯಲ್ಲಿ ಇಣುಕುವವರೇ ಹೆಚ್ಚು), ಫಲಕ ಸ್ಪಷ್ಟವಾಗಿ ಕಾಣದವರಿಗೆ ಸೂಜಿರಂಧ್ರದ (ಕಾರ್ಡಿನಲ್ಲಿ ಮಾಡಿದ ಸೂಜಿಮೊನೆಯಷ್ಟು ಸಣ್ಣ ತೂತು) ಮೂಲಕ ಮತ್ತೆ ತೋರಿಸಬೇಕು. ಆಗ ಸ್ಪಷ್ಟವಾಗಿ ಕಂಡರೆ ಬಹುತೇಕ ಕನ್ನಡಕ ಸಾಕಾಗುತ್ತದೆ; ಕಾಣದಿದ್ದರೆ ಪೊರೆ ಅಥವಾ ಬೇರೆ ರೋಗವಿರಬಹುದಾದ್ದರಿಂದ ತಜ್ಞರಲ್ಲಿಗೆ ಕಳುಹಿಸಬೇಕು.

ಕಣ್ಣು ಕೆಂಪಾಗಿ ನೋವಿದ್ದು ದೃಷ್ಟಿಯೂ ಮಂಜಾದರೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ, ಅಥವಾ ಮಗುವಿನ ಪಾಪೆ ಬಿಳಿಯಾಗಿ ಹೊಳೆದರೆ ವಿಳಂಬ ಸಲ್ಲದು. ರಾಸಾಯನಿಕ ಬಿದ್ದಾಗ ಮಾತ್ರ ಕಳುಹಿಸುವ ಮೊದಲೇ, ಕನಿಷ್ಠ 15 ನಿಮಿಷ ಶುದ್ಧ ನೀರಿನಿಂದ ಕಣ್ಣು ತೊಳೆಯಬೇಕು. ಸ್ಟೆರಾಯ್ಡ್ ಹನಿಗಳನ್ನು ಕಾರ್ಯಕರ್ತರು ಎಂದಿಗೂ ತಾವಾಗಿ ಕೊಡಬಾರದು, ಏಕೆಂದರೆ ಅವು ಕರಿಗುಡ್ಡೆಯ ಸೋಂಕನ್ನು ಉಲ್ಬಣಗೊಳಿಸಬಲ್ಲವು.