ಮರಿ ಹುಟ್ಟುವ ಮೊದಲೇ ಕಾಗದ ಶುರು: ಅರಬ್ಬಿ ಕುದುರೆ ನೋಂದಣಿ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಕುದುರೆಯವೇ. ಗಲ್ಫಿನ ಲಾಯಗಳಲ್ಲಿ ದುಡಿಯುವ ನಮ್ಮ ಕರಾವಳಿಯವರು ಬರೆದಿದ್ದಾರೆ, ಊರಲ್ಲೇ ಕುದುರೆ ಕೊಳ್ಳಲು ಹೊರಟವರೂ ಬರೆದಿದ್ದಾರೆ.

ಪ್ರಶ್ನೆ: ಐದು ವರ್ಷದ ಗಂಡು ಕುದುರೆಯೊಂದನ್ನು ‘ಪ್ಯೂರ್ ಅರಬ್’ ಎಂದು ಮಾರಲು ಬಂದಿದ್ದಾರೆ. ಕಾಗದ ಇಲ್ಲ. ‘85 ಸಾವಿರ ಕೊಟ್ಟರೆ ಡಿಎನ್‌ಎ ಮಾಡಿಸಿ ಸರ್ಟಿಫಿಕೇಟ್ ತರಿಸಿಕೊಡುತ್ತೇವೆ’ ಅನ್ನುತ್ತಾರೆ. ಕೊಡಬಹುದೇ? – ಓದುಗರು, ಸುರತ್ಕಲ್

ಉತ್ತರ: ಕೊಡಬೇಡಿ. ಅರಬ್ಬಿ ಕುದುರೆಗಳ ವಂಶ ಬರೆದಿಡುವ ಪುಸ್ತಕಕ್ಕೆ, ಅಂದರೆ ಸ್ಟಡ್ ಬುಕ್‌ಗೆ ಹೊರಗಿನಿಂದ ಪ್ರವೇಶವಿಲ್ಲ. ತಂದೆ ತಾಯಿ ಇಬ್ಬರೂ ಅದರಲ್ಲಿ ದಾಖಲಾಗಿದ್ದರೆ ಮಾತ್ರ ಮರಿಗೆ ಜಾಗ. ಶುದ್ಧ ಅರಬ್ಬಿ ಎಂದರೆ ವರ್ಲ್ಡ್ ಅರೇಬಿಯನ್ ಹಾರ್ಸ್ ಆರ್ಗನೈಸೇಷನ್, ಎಲ್ಲರೂ ‘ವಾಹೋ’ ಎನ್ನುವ ಸಂಸ್ಥೆ, ಒಪ್ಪಿಕೊಂಡ ಸ್ಟಡ್ ಬುಕ್ಕಿನಲ್ಲಿ ಹೆಸರಿರುವ ಕುದುರೆ. ಬಾಗಿದ ಮೂಗು, ಎತ್ತಿದ ಬಾಲ, ದೊಡ್ಡ ಕಣ್ಣು ಇವೆಲ್ಲ ಚೆಂದಕ್ಕೆ ಸರಿ, ದಾಖಲೆಗೆ ಆಗುವುದಿಲ್ಲ.

ಡಿಎನ್‌ಎ ಮಾತಿನಲ್ಲೇ ಜನ ಮೋಸ ಹೋಗುವುದು. ನೋಂದಣಿಗೆ ಮಾಡುವ ಪರೀಕ್ಷೆ ‘ಇದು ಯಾವ ತಳಿ’ ಎಂದು ಹೇಳುವುದಿಲ್ಲ, ‘ಇದು ಇಂಥ ತಂದೆ ತಾಯಿಯ ಮರಿಯೇ’ ಎಂದಷ್ಟೇ ಹೇಳುತ್ತದೆ. ಹೋಲಿಸಲು ತಂದೆ ತಾಯಿಯ ಮಾದರಿ ಕಡತದಲ್ಲಿ ಇಲ್ಲದಿದ್ದರೆ ವರದಿಗೆ ಅರ್ಥವೇ ಇಲ್ಲ. ತಳಿಯ ಅಂದಾಜು ಕೊಡುವ ಪರೀಕ್ಷೆಗಳೂ ಇವೆ, ಆದರೆ ಅವನ್ನು ನೋಡಿ ಸ್ಟಡ್ ಬುಕ್ಕಿಗೆ ಸೇರಿಸಿಕೊಳ್ಳುವುದಿಲ್ಲ.

ಒಂದು ಕೆಲಸ ಮಾಡಿ. ಚರ್ಮದಡಿಯ ಗುರುತಿನ ಚಿಪ್ ಓದುವ ರೀಡರ್ ಇರುವ ಪಶುವೈದ್ಯರಿಂದ ಕುದುರೆಯ ಕತ್ತಿನ ಎಡಬದಿ, ನೆತ್ತಿಗೂ ಹೆಗಲಿನ ಉಬ್ಬಿಗೂ ನಡುವೆ, ಜೂಲಿನ ಬುಡದ ಕೆಳಗೆ ಸ್ಕ್ಯಾನ್ ಮಾಡಿಸಿ. ಚಿಪ್ ಇದ್ದರೆ 15 ಅಂಕಿ ಬರುತ್ತದೆ. ಮೊದಲ ಮೂರು 784 ಆಗಿದ್ದರೆ ಅದು ಯುಎಇ ಸಂಕೇತ, 634 ಆಗಿದ್ದರೆ ಕತಾರ್. 9ರಿಂದ ಶುರುವಾದರೆ ಸಾಮಾನ್ಯವಾಗಿ ಚಿಪ್ ತಯಾರಿಸಿದ ಕಂಪನಿಯದ್ದು. ದೇಶದ ಸಂಕೇತ ಸಿಕ್ಕರೆ ಅಲ್ಲಿನ ನೋಂದಣಿ ಸಂಸ್ಥೆಗೆ ಬರೆದು ಕೇಳಬಹುದು. ಆದರೆ ಸರ್ಟಿಫಿಕೇಟಿನ ಇನ್ನೊಂದು ಪ್ರತಿ ಸಿಗುವುದು ಅವರ ಪುಸ್ತಕದಲ್ಲಿ ಮಾಲೀಕ ಎಂದು ಇರುವವರಿಗೆ, ಈಗ ಹಗ್ಗ ಹಿಡಿದು ನಿಂತವರಿಗಲ್ಲ.

‘ಬಾರ್ಕೂರು, ಭಟ್ಕಳ ಬಂದರಿಗೆ ವಿಜಯನಗರದ ಕಾಲದಲ್ಲಿ ಬಂದ ಅರಬ್ಬಿ ಕುದುರೆಗಳ ವಂಶ’ ಎಂದೂ ಮಾರುವವರು ಹೇಳಿದ್ದಾರಂತೆ. ಆ ವ್ಯಾಪಾರ ನಡೆದದ್ದು ನಿಜ, ನಮ್ಮ ಕರಾವಳಿಗೆ ಹೆಮ್ಮೆಯ ವಿಷಯವೂ ಹೌದು. ಆದರೆ ಅಲ್ಲಿಂದ ಇಲ್ಲಿವರೆಗೆ ಯಾವ ಕುದುರೆಯದು ಯಾವ ಮರಿ ಎಂಬ ಬರಹ ಇಲ್ಲ. ಕುದುರೆ ಇಷ್ಟವಾದರೆ ಸವಾರಿ ಕುದುರೆಯ ಬೆಲೆಗೇ ಕೊಳ್ಳಿ.

ಪ್ರಶ್ನೆ: ಅಕ್ಕನ ಮಗ ಯುಎಇಯಲ್ಲಿ ಸಣ್ಣ ಲಾಯವೊಂದರ ಉಸ್ತುವಾರಿ ನೋಡುತ್ತಾನೆ. ಅಲ್ಲಿನ ಅರಬ್ಬಿ ಹೆಣ್ಣು ಕುದುರೆ ಗಬ್ಬವಾಗಿದೆ. ಮಾಲೀಕರು ಮರಿಯ ಕಾಗದದ ಕೆಲಸ ಇವನಿಗೇ ಒಪ್ಪಿಸಿದ್ದಾರೆ. ಎಲ್ಲಿಂದ ಶುರು, ಖರ್ಚು ಯಾವುದಕ್ಕೆಲ್ಲ? – ಓದುಗರು, ಉಡುಪಿ

ಉತ್ತರ: ನಿಮ್ಮ ಅಳಿಯ ಮರಿ ಹುಟ್ಟುವವರೆಗೆ ಕಾಯಬಾರದು. ಕುದುರೆಯ ಗರ್ಭ ಸುಮಾರು 340 ದಿನ, ಆ ಹನ್ನೊಂದು ತಿಂಗಳೇ ಕಾಗದ ಸರಿಮಾಡಿಕೊಳ್ಳುವ ಕಾಲ. ಯುಎಇಯಲ್ಲಿ ಈ ಕೆಲಸ ಎಮಿರೇಟ್ಸ್ ಅರೇಬಿಯನ್ ಹಾರ್ಸ್ ಸೊಸೈಟಿಯದು. ಅಮೆರಿಕದಲ್ಲಿ ಅರೇಬಿಯನ್ ಹಾರ್ಸ್ ಅಸೋಸಿಯೇಷನ್. ಫಾರಂಗಳ ಹೆಸರು ಬೇರೆಯಾದರೂ ಎಲ್ಲೆಡೆ ಕೇಳುವುದು ಹೆಚ್ಚುಕಮ್ಮಿ ಒಂದೇ.

ಮೊದಲನೆಯದು ಗಂಡು ಹೆಣ್ಣು ಕೂಡಿಸಿದ ದಾಖಲೆ. ಬೀಜದ ಕುದುರೆಯ ಮಾಲೀಕರು ಆ ವರ್ಷ ಯಾವ ಯಾವ ಹೆಣ್ಣು ಕುದುರೆಗೆ ಯಾವ ತಾರೀಕಿಗೆ ಕೂಡಿಸಿದರು ಎಂಬ ಪಟ್ಟಿಯನ್ನು ಸಂಸ್ಥೆಗೆ ಕೊಟ್ಟಿರಬೇಕು. ಅದರ ಜೊತೆ ನಿಮ್ಮ ಹೆಣ್ಣು ಕುದುರೆಯ ಹೆಸರು, ನೋಂದಣಿ ಸಂಖ್ಯೆ, ತಾರೀಕು ಬರೆದು ಅವರು ಸಹಿ ಮಾಡಿದ ಪ್ರಮಾಣಪತ್ರ ಬೇಕು. ಹೆಚ್ಚಿನ ನೋಂದಣಿ ಸಿಕ್ಕಿಹಾಕಿಕೊಳ್ಳುವುದು ಈ ಒಂದು ಸಹಿಯಲ್ಲಿ. ಕೂಡಿಸಿದ ಶುಲ್ಕ ಬಾಕಿ ಇದ್ದರೆ ಸಹಿ ಬರುವುದಿಲ್ಲ. ನಡುವೆ ಬೀಜದ ಕುದುರೆ ಮಾರಾಟವಾದರೆ ಹಳೆಯ ಮಾಲೀಕರು ‘ಹೊಸಬರನ್ನು ಕೇಳಿ’ ಅನ್ನುತ್ತಾರೆ, ಹೊಸಬರು ‘ನಮ್ಮ ಕಾಲದ್ದಲ್ಲ’ ಅನ್ನುತ್ತಾರೆ. ಕೂಡಿಸಿದ ದಿನ ಯಾರ ಹೆಸರಿನಲ್ಲಿತ್ತೋ ಅವರ ಸಹಿಯೇ ಬೇಕು. ಹಾಗಾಗಿ ಹಣ ಪೂರ್ತಿ ಕಟ್ಟಿದ ದಿನವೇ ಇದನ್ನು ಬರೆಸಿಕೊಳ್ಳುವುದು ಒಳ್ಳೆಯದು. ಗಬ್ಬದ ಕುದುರೆ ಕೊಳ್ಳುವವರು ಕುದುರೆಯ ಕಾಗದದ ಜೊತೆಗೇ ಇದನ್ನೂ ಕೈಗೆ ತೆಗೆದುಕೊಳ್ಳಬೇಕು.

ಎರಡನೆಯದು ತಂದೆ ತಾಯಿಯ ಡಿಎನ್‌ಎ ಕಡತದಲ್ಲಿ ಇದೆಯೇ ಎಂದು ಈಗಲೇ ಕೇಳಿ ನೋಡುವುದು. ಇದ್ದರೆ ಮರಿಯದೊಂದೇ ಪರೀಕ್ಷೆ. ಇಲ್ಲದಿದ್ದರೆ ಮೂರರ ಖರ್ಚು ಬೀಳುತ್ತದೆ. ತಾಯಿ ಸತ್ತ ಮೇಲೆ ಇದು ಗೊತ್ತಾದರೆ ಕಷ್ಟ.

ಪರೀಕ್ಷೆ ನಡೆಯುವ ಬಗೆ ತಿಳಿದಿದ್ದರೆ ಎಚ್ಚರಿಕೆ ತಾನಾಗಿ ಬರುತ್ತದೆ. ಡಿಎನ್‌ಎಯ ಪ್ರತಿ ಗುರುತಿನ ಜಾಗದಲ್ಲಿ ಮರಿಗೆ ತಾಯಿಯಿಂದ ಒಂದು, ತಂದೆಯಿಂದ ಒಂದು ರೂಪ ಬರುತ್ತದೆ, ಲ್ಯಾಬ್ ಅದನ್ನು ಇಂಗ್ಲಿಷ್ ಅಕ್ಷರದಿಂದ ಗುರುತಿಸುತ್ತದೆ. ವಿಎಚ್‌ಎಲ್20 ಎಂಬ ಜಾಗದಲ್ಲಿ ತಾಯಿಯದು ಐ–ಎಂ, ಮರಿಯದು ಎಂ–ಎನ್ ಎಂದಿಟ್ಟುಕೊಳ್ಳಿ. ಆ ಎನ್ ತಂದೆಯಿಂದಲೇ ಬಂದಿರಬೇಕು. ತಂದೆ ಎಂದು ಬರೆದ ಕುದುರೆಯಲ್ಲಿ ಎನ್ ಇಲ್ಲ, ಇಂಥ ತಪ್ಪುಹೊಂದಿಕೆ ಬೇರೆ ಜಾಗಗಳಲ್ಲೂ ಕಾಣುತ್ತದೆ ಎಂದಾದರೆ ಅರ್ಜಿ ಅಲ್ಲಿಗೆ ನಿಂತಿತು. ಒಂದೇ ಬೆದೆಯಲ್ಲಿ ಎರಡು ಗಂಡು ಕುದುರೆಗಳ ಹತ್ತಿರ ಬಿಟ್ಟಿದ್ದರೆ ಅರ್ಜಿಯಲ್ಲಿ ಇಬ್ಬರ ಹೆಸರನ್ನೂ ಮೊದಲೇ ತಿಳಿಸಿ. ಮುಚ್ಚಿಟ್ಟರೆ ಪರೀಕ್ಷೆಯಲ್ಲಿ ಹೊರಬೀಳುತ್ತದೆ, ಶುಲ್ಕ ಎರಡನೇ ಸಲ ಕಟ್ಟಬೇಕಾಗುತ್ತದೆ.

ಮರಿ ಹುಟ್ಟಿದ ಮೇಲೆ ಹುಟ್ಟಿದ ತಾರೀಕು, ಗಂಡೋ ಹೆಣ್ಣೋ, ಬಣ್ಣ, ಮುಖದ ಮತ್ತು ನಾಲ್ಕೂ ಕಾಲಿನ ಬಿಳಿ ಗುರುತು, ಸುಳಿಗಳ ಜಾಗ ಇವನ್ನು ಪಶುವೈದ್ಯರು ಚಿತ್ರದಲ್ಲಿ ತುಂಬಿ ಚಿಪ್ ಹಾಕುತ್ತಾರೆ. ಮರಿ ಇನ್ನೂ ತಾಯಿಯ ಹಾಲು ಕುಡಿಯುತ್ತಿರುವಾಗಲೇ ಇದು ಆಗಲಿ. ಹಾಲು ಬಿಡಿಸಿ ಹತ್ತು ಮರಿಗಳನ್ನು ಒಂದೇ ಕೊಟ್ಟಿಗೆಗೆ ಬಿಟ್ಟ ಮೇಲೆ ಯಾವುದು ಯಾರದ್ದು ಎಂಬ ತಕರಾರು ಏಳುತ್ತದೆ. ಹೆಸರು ಮೂರು ಬರೆದುಕೊಡಿ, ಒಂದು ಈಗಾಗಲೇ ಬಳಕೆಯಲ್ಲಿದ್ದರೆ ಇನ್ನೊಂದು ಆಗುತ್ತದೆ. ಅಕ್ಷರಗಳ ಮಿತಿಯಲ್ಲಿ ನಡುವಿನ ಖಾಲಿ ಜಾಗವೂ ಲೆಕ್ಕಕ್ಕೆ ಬರುತ್ತದೆ.

ಖರ್ಚಿನ ಬಾಬ್ತು ಹೀಗೆ: ಸದಸ್ಯತ್ವ, ನೋಂದಣಿ ಶುಲ್ಕ, ಡಿಎನ್‌ಎ, ಚಿಪ್ ಮತ್ತು ವೈದ್ಯರ ಭೇಟಿ, ಕುದುರೆಯ ಗುರುತಿನ ಪಾಸ್‌ಪೋರ್ಟ್, ಕೊರಿಯರ್. ಮಾಲೀಕತ್ವ ಬದಲಾದರೆ ವರ್ಗಾವಣೆ ಶುಲ್ಕ ಬೇರೆ. ಅಮೆರಿಕದಲ್ಲಿ ಸದಸ್ಯರಿಗೆ ಒಂದು ದರ, ಉಳಿದವರಿಗೆ ಹೆಚ್ಚಿನ ದರ, ಜೊತೆಗೆ ಮರಿಯ ವಯಸ್ಸು ಏರಿದಂತೆ ಶುಲ್ಕವೂ ಏರುತ್ತದೆ. ನಿಜವಾದ ಹೊರೆ ಬೀಳುವುದು ತಡ ಮಾಡಿದವರಿಗೆ. ಆಯಾ ವರ್ಷದ ದರಪಟ್ಟಿಯನ್ನು ಸಂಸ್ಥೆಯಿಂದಲೇ ತರಿಸಿಕೊಳ್ಳಿ, ಏಜೆಂಟರ ಬಾಯಿಮಾತಿನ ಮೊತ್ತ ನಂಬಬೇಡಿ.

ಪ್ರಶ್ನೆ: ಮರಿಯ ಕೂದಲು ಕಳಿಸಿದ್ದೆವು, ‘ಮಾದರಿ ಸಾಲದು’ ಎಂದು ಲ್ಯಾಬ್ ವಾಪಸ್ ಮಾಡಿದೆ. ಕೈತುಂಬ ಕತ್ತರಿಸಿ ಹಾಕಿದ್ದೆವಲ್ಲ! – ಓದುಗರು, ಮಣಿಪಾಲ

ಉತ್ತರ: ಕತ್ತರಿಸಿದ್ದೇ ತೊಂದರೆ. ಲ್ಯಾಬಿಗೆ ಬೇಕಾದ ಡಿಎನ್‌ಎ ಕೂದಲ ಬುಡದ ಬಿಳಿ ಗಡ್ಡೆಯಲ್ಲಿರುತ್ತದೆ. ಜೂಲಿನ ನಾಲ್ಕೈದು ಕೂದಲನ್ನು ಬೆರಳಿಗೆ ಸುತ್ತಿ, ಚರ್ಮಕ್ಕೆ ಹತ್ತಿರ ಹಿಡಿದು, ಥಟ್ಟನೆ ಕೀಳಿ. ಬೆಳಕಿಗೆ ಹಿಡಿದರೆ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಗಂಟು ಕಾಣಬೇಕು. ಅಂಥವು 20ರಿಂದ 30 ಸಾಕು. ಎಳೆ ಮರಿಯ ಜೂಲು ನೂಲಿನಂತೆ ತುಂಡಾಗುತ್ತದೆ, ಆಗ ಬಾಲದ ಕೂದಲು ತೆಗೆಯಿರಿ. ತಾಯಿಯ ಕೂದಲು ಮೈಗೆ ಅಂಟಿಕೊಂಡಿರುತ್ತದೆ, ಆದ್ದರಿಂದ ಮೊದಲು ಬಾಚಿ, ಕೈ ತೊಳೆದು ಕೀಳಿ. ಒಂದು ಲಕೋಟೆಯಲ್ಲಿ ಒಂದೇ ಪ್ರಾಣಿಯದು ಇರಲಿ, ಹೆಸರನ್ನು ಕೀಳುವ ಮೊದಲೇ ಬರೆದಿಡಿ.

ನಮ್ಮ ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲ ಬೇಡವೇ ಬೇಡ, ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಒಣಗಿದ ಕೂದಲನ್ನು ಕಾಗದದ ಲಕೋಟೆಯಲ್ಲಿಟ್ಟು ಕಳಿಸಿ. ವಿದೇಶಕ್ಕಾದರೆ ಪ್ರಾಣಿಯ ಕೂದಲಿಗೆ ಯಾವ ಘೋಷಣಾಪತ್ರ ಬೇಕೆಂದು ಕೊರಿಯರಿನವರನ್ನು ಮೊದಲೇ ವಿಚಾರಿಸಿ.

ಪ್ರಶ್ನೆ: ಕೆಂಗಂದು ಎಂದು ನೋಂದಾಯಿಸಿದ ಮರಿ ಎರಡನೇ ವರ್ಷಕ್ಕೆ ಬೆಳ್ಳಗಾಗುತ್ತಿದೆ. ಕಾಗದ ಸುಳ್ಳಾಯಿತೇ? – ಓದುಗರು, ಕುಂದಾಪುರ

ಉತ್ತರ: ಬೂದು ಬಣ್ಣದ ಕುದುರೆ ಹುಟ್ಟುವಾಗ ಕೆಂಪೋ ಕಪ್ಪೋ ಇದ್ದು, ಬೆಳೆದಂತೆ ಬೆಳ್ಳಗಾಗುವುದೇ ವಾಡಿಕೆ. ಅರಬ್ಬಿಗಳಲ್ಲಿ ಇದು ತೀರಾ ಸಾಮಾನ್ಯ. ತಂದೆ ತಾಯಿಯಲ್ಲಿ ಒಬ್ಬರಾದರೂ ಬೂದು ಇದ್ದರೆ ಹೆದರಬೇಡಿ, ಫೋಟೋ ಸಹಿತ ಬಣ್ಣ ತಿದ್ದುಪಡಿಗೆ ಅರ್ಜಿ ಹಾಕಿ. ಇಬ್ಬರೂ ಬೂದು ಅಲ್ಲದಿದ್ದರೆ ಮಾತ್ರ ತಂದೆ ತಾಯಿಯ ವಿವರವನ್ನೇ ಮತ್ತೆ ಪರಿಶೀಲಿಸಬೇಕು. ಮುಂದಿನ ಮರಿಯ ಸಲ ಕಣ್ಣಿನ ಸುತ್ತ ಬಿಳಿ ಕೂದಲು ಇಣುಕುತ್ತಿದೆಯೇ ನೋಡಿ ಬಣ್ಣ ಬರೆಯಿರಿ. ಮೈಯೆಲ್ಲ ಬೆಳ್ಳಗಾದ ಮೇಲೂ ಹುಟ್ಟು ಗುರುತು ಹುಡುಕಬಹುದು: ಹಣೆಯನ್ನೂ ಕಾಲನ್ನೂ ನೀರಿನಲ್ಲಿ ನೆನೆಸಿ. ಹುಟ್ಟಿನಿಂದ ಬಿಳಿ ಇದ್ದ ಕಡೆ ಚರ್ಮ ಗುಲಾಬಿ, ಉಳಿದ ಕಡೆ ಕಪ್ಪು.

ಪ್ರಶ್ನೆ: ವಂಶದ ಕಾಯಿಲೆಯ ಪರೀಕ್ಷೆಯೂ ಕಡ್ಡಾಯವೇ? – ಓದುಗರು, ಮೂಡುಬಿದಿರೆ

ಉತ್ತರ: ವಂಶದ ಗುರುತಿನ ಪರೀಕ್ಷೆಯೇ ಬೇರೆ, ಇದೇ ಬೇರೆ. ನೋಂದಣಿಗೆ ಅಡ್ಡಿಯಾಗದಿದ್ದರೂ ಮಾಡಿಸಿ ಎಂದೇ ನಮ್ಮ ಸಲಹೆ. ಅರಬ್ಬಿಗಳಲ್ಲಿ ಮುಖ್ಯವಾದವು ಮೂರು. ಎಸ್‌ಸಿಐಡಿ ಇರುವ ಮರಿಗೆ ರೋಗನಿರೋಧಕ ಶಕ್ತಿಯೇ ಇರದು, ಸಾಮಾನ್ಯವಾಗಿ ಆರು ತಿಂಗಳೊಳಗೆ ಸೋಂಕಿನಿಂದ ಸಾಯುತ್ತದೆ. ಸಿಎ ಎಂಬುದರಲ್ಲಿ ಕಿರುಮೆದುಳಿನ ಕೋಶಗಳು ಸಾಯುತ್ತವೆ, ತಲೆ ನಡುಗುತ್ತದೆ, ಹೆಜ್ಜೆ ತಪ್ಪುತ್ತದೆ. ಎಲ್‌ಎಫ್‌ಎಸ್ ಮರಿ ಮಾಸಲು ಬಣ್ಣದಲ್ಲಿ ಹುಟ್ಟಿ, ಎದ್ದು ನಿಲ್ಲಲಾರದೆ ಹೋಗುತ್ತದೆ. ದೋಷವಿರುವ ಜೀನಿನ ಒಂದೇ ಪ್ರತಿ ಇರುವ ಕುದುರೆ ಆರೋಗ್ಯವಾಗಿಯೇ ಇರುತ್ತದೆ. ಅಂಥ ಎರಡನ್ನು ಕೂಡಿಸಿದರೆ ಪ್ರತಿ ಗರ್ಭಕ್ಕೂ 25 ಶೇಕಡಾ ಅಪಾಯ. ಕೂಡಿಸುವ ಮೊದಲು ಎರಡೂ ಕಡೆಯ ವರದಿ ಕೇಳಿ. ಬುಡವಿರುವ ಕೂದಲೇ ಇದಕ್ಕೂ ಸಾಕು.

ಪ್ರಶ್ನೆ: ಮಾರ್ವಾಡಿ ಹೆಣ್ಣು ಕುದುರೆಗೆ ನೋಂದಾಯಿತ ಅರಬ್ಬಿ ಗಂಡು ಕೂಡಿಸಿದರೆ ಮರಿ ಯಾವ ಪುಸ್ತಕಕ್ಕೆ? – ಓದುಗರು, ಕಾರ್ಕಳ

ಉತ್ತರ: ಶುದ್ಧ ಅರಬ್ಬಿಗೂ ಇಲ್ಲ, ಮಾರ್ವಾಡಿಗೂ ಇಲ್ಲ. ಅಮೆರಿಕದ ಸಂಸ್ಥೆಯಲ್ಲಿ ಇಂಥವಕ್ಕೆ ‘ಹಾಫ್ ಅರೇಬಿಯನ್’ ಎಂಬ ಬೇರೆ ಪುಸ್ತಕವಿದೆ, ಒಂದು ಕಡೆ ನೋಂದಾಯಿತ ಶುದ್ಧ ಅರಬ್ಬಿ ಇದ್ದರಾಯಿತು. ನಿಮ್ಮ ಹೆಣ್ಣು ಕುದುರೆ ನಿಜವಾಗಿ ಒಳ್ಳೆಯ ಮಾರ್ವಾಡಿ ಆಗಿದ್ದರೆ ಅದೇ ತಳಿಯ ಗಂಡಿಗೇ ಕೂಡಿಸಿ ಎಂದು ಹೇಳಬಯಸುತ್ತೇವೆ. ದೇಶಿ ತಳಿಗೆ ಅದರಿಂದಲೇ ಉಪಕಾರ.

ಪ್ರಶ್ನೆ: ಪಾಸ್‌ಪೋರ್ಟ್ ಇರುವ ಮರಿಯನ್ನು ದುಬೈನಿಂದ ನೇರ ಮಂಗಳೂರಿಗೆ ತರಬಹುದೇ? – ಓದುಗರು, ಮಂಗಳೂರು

ಉತ್ತರ: ನೇರ ಆಗದು. ಪಾಸ್‌ಪೋರ್ಟ್ ಕುದುರೆಯ ಗುರುತು ಹೇಳುತ್ತದೆ, ಆಮದಿಗೆ ಕೇಂದ್ರ ಪಶುಸಂಗೋಪನಾ ಇಲಾಖೆಯ ಅನುಮತಿ ಬೇರೆಯೇ ಬೇಕು, ಹೊರಡುವ ಮೊದಲೇ ಬೇಕು. ಇಳಿಸುವುದು ಸರ್ಕಾರಿ ಪಶು ಕ್ವಾರಂಟೈನ್ ಕೇಂದ್ರವಿರುವ ಬೆಂಗಳೂರು, ಚೆನ್ನೈ, ಮುಂಬೈಯಂಥ ಕಡೆ. ಗ್ಲ್ಯಾಂಡರ್ಸ್ ರೋಗ ಮನುಷ್ಯರಿಗೂ ಹರಡುವುದರಿಂದ ಅದರ ರಕ್ತಪರೀಕ್ಷೆಯಲ್ಲಿ ರಿಯಾಯಿತಿ ಕೇಳಬೇಡಿ. ಆರೋಗ್ಯಪತ್ರದಲ್ಲಿ ಬರೆದ ಚಿಪ್ ಸಂಖ್ಯೆಯನ್ನು ಪಾಸ್‌ಪೋರ್ಟಿನ ಸಂಖ್ಯೆಯೊಂದಿಗೆ, ಆಮೇಲೆ ಕುದುರೆಯ ಕತ್ತಿನ ರೀಡಿಂಗಿನೊಂದಿಗೆ ಒಂದೊಂದೇ ಅಂಕಿ ತಾಳೆ ನೋಡಿ. 15ರಲ್ಲಿ ಒಂದು ಅಂಕಿ ಆಚೀಚೆಯಾದರೂ ಕಾಗದ ಬೇರೆ ಕುದುರೆಯದೆಂದೇ ಲೆಕ್ಕ, ತಿದ್ದಿಸಿಕೊಂಡ ಪತ್ರ ಬರುವ ತನಕ ಅದು ವಿಮಾನ ಹತ್ತುವುದಿಲ್ಲ.