ಸುರಂಗದ ನೀರು, ಮಗುವಿನ ಹೆಸರು

ನಮ್ಮ ಕಾಸರಗೋಡಿನ ಬಾಯಾರಿನ ಕಡೆಯ ಒಬ್ಬ ತಾಯಿ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ನಾಲ್ಕು ಪುಟದ ಪತ್ರದ ಸಾರ ಇಷ್ಟು:

‘ಈಸ್ಟರ್ ಆದ ಮುಂದಿನ ಭಾನುವಾರ ನಮ್ಮ ಮೂರು ತಿಂಗಳ ಮಗಳಿಗೆ ಜ್ಞಾನಸ್ನಾನ. ಹಾಲ್ ಬುಕ್ ಆಗಿದೆ. ಡೆಕೊರೇಶನ್‌ನವರು ಮೊಬೈಲಿನಲ್ಲಿ ಮೂರು ಥೀಮ್ ತೋರಿಸಿದರು. ಒಂದು ರಾಜಕುಮಾರಿ, ಒಂದು ಕಾಡುಪ್ರಾಣಿ, ಒಂದು ಯುನಿಕಾರ್ನ್, ಅದೇ ಹಣೆಯಲ್ಲಿ ಕೊಂಬಿರುವ ಕಥೆಯ ಕುದುರೆ. ದುಬೈಯಲ್ಲಿರುವ ಮೈದುನ “ಖರ್ಚು ನನ್ನದು, ಯುನಿಕಾರ್ನೇ ಇರಲಿ” ಅನ್ನುತ್ತಾನೆ. ಅತ್ತೆಗೆ ಥೀಮ್ ಅಂದರೇ ಆಗುವುದಿಲ್ಲ. ಅಂಗಳದಲ್ಲಿ ಚಪ್ಪರ ಹಾಕಿ ನಾಲ್ಕು ಜನಕ್ಕೆ ಊಟ ಕೊಟ್ಟರೆ ಸಾಕು ಅನ್ನುತ್ತಾರೆ. ನನಗೆ ಇಬ್ಬರನ್ನೂ ನೋಯಿಸಲು ಇಷ್ಟವಿಲ್ಲ. ಯಾವ ಥೀಮ್ ಸರಿ, ನೀವೇ ಹೇಳಿ.’

ತಂಗಿ, ಈ ಸಲ ಮೇಜಿನ ಮೇಲೆ ಅಡಿಕೆ ರೇಟಿನ ಪತ್ರ ಇತ್ತು, ಹೊಂಡ ಬಿದ್ದ ರಸ್ತೆಯ ಪತ್ರ ಇತ್ತು. ಎಲ್ಲವನ್ನೂ ಬದಿಗಿಟ್ಟು ನಿಮ್ಮದನ್ನೇ ಎತ್ತಿಕೊಂಡೆ. ಈ ವಿಷಯ ಬಹಳ ದಿನಗಳಿಂದ ನನ್ನ ಮನಸ್ಸಿನಲ್ಲಿ ಕೊರೆಯುತ್ತಿದೆ.

ಮೊದಲು ಮೈದುನನ ಪರವಾಗಿ ಒಂದು ಮಾತು. ಮನೆಯಿಂದ ದೂರ ಇರುವವನಿಗೆ ಅಣ್ಣನ ಮಗಳಿಗೆ ಏನಾದರೂ ದೊಡ್ಡದು ಮಾಡಬೇಕು ಅನಿಸುವುದು ಸಹಜ. ಅದು ಪ್ರೀತಿಯೇ. ಬಂದ ಮಕ್ಕಳಿಗೆ ಬಲೂನು ಕಂಡರೆ ಖುಷಿ. ಡೆಕೊರೇಶನ್ ಮಾಡುವ ಹುಡುಗರೂ ನಮ್ಮೂರಿನವರೇ, ಅವರ ಹೊಟ್ಟೆಪಾಡೂ ನಡೆಯಬೇಕು. ಇದೆಲ್ಲ ಸರಿ.

ಆದರೆ ನಾನು ನಿಮ್ಮ ಅತ್ತೆಯ ಕಡೆ.

ಹೋದ ವರ್ಷ ಏಪ್ರಿಲ್‌ನಲ್ಲಿ ಒಂದು ಜ್ಞಾನಸ್ನಾನದ ಊಟಕ್ಕೆ ಹೋಗಿದ್ದೆ. ಬೇಕಾದವರ ಮನೆಯದು. ಹಾಲ್‌ನ ಬಾಗಿಲಲ್ಲಿ ಬಲೂನಿನ ಕಮಾನು, ವೇದಿಕೆಯಲ್ಲಿ ಥರ್ಮೊಕೋಲಿನ ಕೋಟೆ, ಕೋಟೆಯ ಮೇಲೆ ಯಾವುದೋ ಕಾರ್ಟೂನಿನ ಹುಡುಗಿ. ಮಗುವನ್ನು ಒಳಗೆ ತರುವಾಗ ಹೊಗೆ ಬಿಟ್ಟರು, ಸ್ಪೀಕರ್ ಜೋರು ಮಾಡಿದರು. ಮಗು ಬೆಚ್ಚಿಬಿದ್ದು ಅಳಲು ಶುರು ಮಾಡಿತು. ಪಾಪ, ಆ ತಾಯಿ ಅರ್ಧ ಹೊತ್ತು ಅಡುಗೆ ಕೋಣೆಯ ಹಿಂದೆ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಇತ್ತ ವೇದಿಕೆಯಲ್ಲಿ ಕೇಕ್ ಕತ್ತರಿಸಿ ಆಯಿತು.

ಊಟ ಮುಗಿಸಿ ಹೊರಟಾಗ ಅವರ ಕಾರಿನ ಪಕ್ಕ ನಿಂತಿದ್ದೆ. ಗಾಜಿನ ಒಳಗೆ, ಸ್ಟಿಯರಿಂಗಿನ ಮುಂದೆ, ಬೆಳಿಗ್ಗೆ ಇಗರ್ಜಿಯಲ್ಲಿ ಹಚ್ಚಿದ ಮೇಣದ ಬತ್ತಿ ಬಿದ್ದಿತ್ತು. ಬಿಳಿ ರಿಬ್ಬನ್ ಹಾಗೇ ಇತ್ತು. ಬಿಸಿಲಿಗೆ ಬತ್ತಿ ಮೆತ್ತಗಾಗಿ ಕೊಕ್ಕೆಯ ಹಾಗೆ ಬಾಗಿಹೋಗಿತ್ತು. ಯಾರಿಗೂ ಅದರ ನೆನಪೇ ಇರಲಿಲ್ಲ. ನನಗೆ ಆ ದಿನ ಉಂಡದ್ದು ಜೀರ್ಣ ಆಗಲಿಲ್ಲ.

ಆ ಬತ್ತಿ ಎಂಥದ್ದು ಅಂತ ನಿಮಗೆ ಗೊತ್ತಿದೆ ಅಲ್ವಾ? ಈಸ್ಟರ್ ಜಾಗರಣೆಯ ರಾತ್ರಿ ಹೊಸ ಬೆಂಕಿಯಿಂದ ಹಚ್ಚಿದ ಪಾಸ್ಕ ಬತ್ತಿಯಿಂದಲೇ ಮಗುವಿನ ಬತ್ತಿಗೆ ಬೆಳಕು ತೆಗೆದುಕೊಳ್ಳುತ್ತಾರೆ. ಈ ಬೆಳಕು ಆರದಂತೆ ನೋಡಿಕೊಳ್ಳಿ ಎಂದು ಫಾದರ್ ತಂದೆತಾಯಿಗೂ ಜ್ಞಾನತಂದೆ, ಜ್ಞಾನತಾಯಿಗೂ ಹೇಳಿ ಒಪ್ಪಿಸುತ್ತಾರೆ. ನಿಮ್ಮ ಮೈದುನನೇ ಜ್ಞಾನತಂದೆ ಆಗುವುದಿದ್ದರೆ ಅವನ ದೊಡ್ಡ ಕೆಲಸ ಅದು. ಯುನಿಕಾರ್ನಿಗೆ ದುಡ್ಡು ಕೊಡುವುದಕ್ಕಿಂತ ಎಷ್ಟೋ ದೊಡ್ಡದು.

ನೀವು ಥೀಮ್ ಯಾವುದು ಅಂತ ಕೇಳಿದ್ದೀರಿ. ಥೀಮ್ ಬೆಳಿಗ್ಗೆ ಇಗರ್ಜಿಯಲ್ಲೇ ಸಿಕ್ಕಿರುತ್ತದೆ. ನೀರು, ಎಣ್ಣೆ, ಬಿಳಿ ಬಟ್ಟೆ, ಬೆಳಕು. ಇವುಗಳಲ್ಲಿ ನೀವು ನೀರನ್ನು ಹಿಡಿದುಕೊಳ್ಳಿ ಅನ್ನುತ್ತೇನೆ. ನೀರನ್ನು ಆಶೀರ್ವದಿಸುವ ಪ್ರಾರ್ಥನೆಯನ್ನು ಒಮ್ಮೆ ಕಿವಿಗೊಟ್ಟು ಕೇಳಿ. ಲೋಕ ಹುಟ್ಟುವಾಗ ನೀರಿನ ಮೇಲೆ ಚಲಿಸಿದ ದೇವರ ಆತ್ಮ, ನೋಹನ ಕಾಲದ ಜಲಪ್ರಳಯ, ಇಸ್ರಾಯೇಲರು ದಾಟಿದ ಕೆಂಪು ಸಮುದ್ರ, ಯೇಸು ಮುಳುಗಿ ಎದ್ದ ಜೋರ್ಡಾನ್ ಹೊಳೆ, ಶಿಲುಬೆಯ ಮೇಲೆ ಅವನ ಪಕ್ಕೆಯಿಂದ ಹರಿದ ನೀರು ಮತ್ತು ರಕ್ತ. ಇಡೀ ಬೈಬಲ್ಲೇ ಒಂದು ಹೊಳೆಯ ಹಾಗೆ ಆ ತೊಟ್ಟಿಗೆ ಬಂದು ಬೀಳುತ್ತದೆ. ಮೂರು ತಿಂಗಳ ಮಗುವಿನ ತಲೆ ಮೇಲೆ ಇಷ್ಟೆಲ್ಲ ಸುರಿದು ಬಂದು, ಮಧ್ಯಾಹ್ನ ಹನ್ನೆರಡಕ್ಕೆ ಥರ್ಮೊಕೋಲಿನ ಕುದುರೆಯ ಮುಂದೆ ನಿಲ್ಲಿಸುವುದು ಹೇಗೆ ತಂಗಿ?

ಆದಿ ಕ್ರೈಸ್ತರ ಒಂದು ಹಳೆಯ ಬರಹ ಇದೆ, ‘ದಿದಖೆ’ ಅಂತ. ನೂರಾರು ವರ್ಷ ಕಣ್ಮರೆಯಾಗಿದ್ದ ಅದರ ಹಸ್ತಪ್ರತಿ 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಿಕ್ಕಿತು. ದೀಕ್ಷೆ, ಅಂದರೆ ಜ್ಞಾನಸ್ನಾನ, ಯಾವ ನೀರಲ್ಲಿ ಕೊಡಬೇಕು ಎಂದು ಅದರಲ್ಲಿ ಹೇಳಿದೆ. ಜೀವಂತ ನೀರಿನಲ್ಲಿ, ಅಂದರೆ ಹರಿಯುವ ನೀರಿನಲ್ಲಿ ಕೊಡಿ. ಅದಿಲ್ಲವೇ, ಬೇರೆ ನೀರು. ತಣ್ಣೀರು ಆಗದಿದ್ದರೆ ಬಿಸಿನೀರು. ಜಾಸ್ತಿ ನೀರೇ ಇಲ್ಲದಿದ್ದರೆ ತಲೆಗೆ ಮೂರು ಸಲ ಹೊಯ್ಯಿರಿ, ಸಾಕು. ಎಷ್ಟು ಸರಳ ನೋಡಿ. ಬರೆದವರು ನೀರಿನ ಕಷ್ಟ ಗೊತ್ತಿದ್ದವರು.

ನೀರಿನ ಕಷ್ಟ ಬಾಯಾರಿನವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು! ಕೇರಳದ 44 ಹೊಳೆಗಳಲ್ಲಿ 12 ನಮ್ಮ ಕಾಸರಗೋಡು ಜಿಲ್ಲೆಯಲ್ಲೇ ಇವೆ. ಆದರೆ ಗುಡ್ಡದ ಮೇಲಿನ ಮನೆಗೆ ಹೊಳೆ ಹತ್ತಿ ಬರುವುದಿಲ್ಲ. ಅದಕ್ಕೇ ನಮ್ಮ ಹಿರಿಯರು ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ತೋಡಿದರು. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ಸುರಂಗ ಇಲ್ಲದ ತೋಟ ಹುಡುಕುವುದೇ ಕಷ್ಟ. ಪಂಪು ಬೇಡ, ಕರೆಂಟು ಬೇಡ. ಗುಡ್ಡ ತಾನಾಗಿ ನೀರು ಬಿಟ್ಟುಕೊಡುತ್ತದೆ.

ನನಗೆ ಹತ್ತು ವರ್ಷ ಇದ್ದಾಗ ನಮ್ಮ ತೋಟದ ಮೇಲೂ ಸುರಂಗ ತೋಡಿಸಿದರು. ಒಬ್ಬರು ಮುಂದೆ ಕೂತು ಪಿಕ್ಕಾಸಿನಿಂದ ಕೆತ್ತುವುದು, ಇನ್ನೊಬ್ಬರು ಹಿಂದಿನಿಂದ ಬುಟ್ಟಿಯಲ್ಲಿ ಮಣ್ಣು ಎಳೆದು ತರುವುದು. ಒಳಗೆ ಹೋಗುವಾಗ ಗೋಡೆಯಲ್ಲಿ ಸಣ್ಣ ಗೂಡು ಕೆತ್ತಿ ಒಂದು ಮೇಣದ ಬತ್ತಿ ಹಚ್ಚಿಡುತ್ತಿದ್ದರು. ಅದು ಬೆಳಕಿಗೂ ಹೌದು, ಜೀವಕ್ಕೂ ಹೌದು. ಬತ್ತಿ ಮಂಕಾದರೆ ಒಳಗೆ ಗಾಳಿ ಕಡಿಮೆ ಅಂತ ಅರ್ಥ, ಕೂಡಲೇ ಹೊರಗೆ ಬರಬೇಕು. ಆ ಬತ್ತಿಯ ಮೇಲೆ ನನಗೆ ಯಾವಾಗಲೂ ಒಂದು ಕಣ್ಣು. ಸುರಂಗದ ಉದ್ದ ಅಳೆಯುವುದು ಕೋಲಿನಲ್ಲಿ. 42ನೇ ಕೋಲಿಗೆ ಕಲ್ಲು ಒದ್ದೆಯಾಯಿತು. ಮರುದಿನ ಬೆರಳಿನಷ್ಟು ದಪ್ಪ ನೀರು. ಅಪ್ಪ ಮೊದಲ ಚೆಂಬು ತಂದು ಬಸುರಿಯಾಗಿದ್ದ ಅಮ್ಮನ ಕೈಗೆ ಕೊಟ್ಟರು.

ಆ ವರ್ಷವೇ ನನ್ನ ತಂಗಿ ಹುಟ್ಟಿದಳು. ಬೇಳದ ಶೋಕಮಾತೆಯ ಇಗರ್ಜಿಯಲ್ಲಿ ಜ್ಞಾನಸ್ನಾನ. 1890ರಲ್ಲಿ ಆರಂಭವಾದ ಇಗರ್ಜಿ ಅದು. ಜ್ಞಾನತಂದೆ ಬತ್ತಿ ಹಿಡಿದು ನಿಂತಾಗ ನಾನು ಅಮ್ಮನ ಸೆರಗು ಎಳೆದು, ‘ಬತ್ತಿ ಚೆನ್ನಾಗಿ ಉರೀತಿದೆ, ಇಲ್ಲಿ ಗಾಳಿ ಇದೆ ಅಲ್ವಾ ಅಮ್ಮ’ ಅಂದೆನಂತೆ. ಅಮ್ಮ ಕಡೆಯವರೆಗೂ ಇದನ್ನು ಹೇಳಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಬತ್ತಿಯನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಿದ್ದರು. ತಂಗಿಯ ಮದುವೆಯ ಬೆಳಿಗ್ಗೆ ಅದನ್ನೇ ತೆಗೆದು ಹಚ್ಚಿದೆವು.

ನಿಮ್ಮ ಮನೆಯಲ್ಲೂ ಸುರಂಗ ಇದೆ ಅಂತ ಪತ್ರದ ಮೂಲೆಯಲ್ಲಿ ಬರೆದಿದ್ದೀರಿ. ‘ಏಪ್ರಿಲ್‌ನಲ್ಲಿ ಸುರಂಗದ ನೀರು ಕಡಿಮೆ, ಅಂಗಳದಲ್ಲಿ ಊಟ ಇಟ್ಟರೆ ಕಷ್ಟ’ ಅಂತ. ಹಾಲ್ ಹಿಡಿಯಲು ಅದೂ ಒಂದು ಕಾರಣ ಅಂತ ಅರ್ಥ ಆಯಿತು. ಹಾಲ್‌ನಲ್ಲೇ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಹಾಲ್‌ನ ಬಾಗಿಲಲ್ಲಿ ಆ ಸುರಂಗದ ನೀರು ಒಂದು ತಾಮ್ರದ ಕೊಡಪಾನದಲ್ಲಿ ಇರಲಿ. ಬಂದವರಿಗೆಲ್ಲ ಅತ್ತೆ ತಮ್ಮ ಕೈಯಾರೆ ಒಂದು ಲೋಟ ನೀರು, ಒಂದು ತುಂಡು ಬೆಲ್ಲ ಕೊಡಲಿ. ಬಲೂನಿನ ಕಮಾನಿನ ಜಾಗದಲ್ಲಿ ತೆಂಗಿನ ಎಳೆ ಗರಿ ಕಟ್ಟಿಸಿ. ಗರಿಗಳ ಭಾನುವಾರ ನಾವೆಲ್ಲ ಕೈಯಲ್ಲಿ ಹಿಡಿಯುವುದು ಅದನ್ನೇ ಅಲ್ವಾ. ಡೆಕೊರೇಶನ್ ಹುಡುಗರಿಗೇ ಆ ಕೆಲಸ ಕೊಡಿ, ಅವರ ಅಜ್ಜಂದಿರಿಗೆ ಗರಿ ಹೆಣೆಯಲು ಬರುತ್ತಿತ್ತು, ಇವರಿಗೂ ಬರುತ್ತದೆ.

ಇನ್ನೊಂದು ಮಾತು ಹೇಳದೆ ಇರಲಾರೆ. ನಮ್ಮ ಊರಿನಲ್ಲಿ ನೀರು ಮತ್ತು ಮಗು ಎರಡನ್ನೂ ಒಟ್ಟಿಗೆ ನೆನೆದರೆ ನನಗೆ ಎದೆ ಭಾರ ಆಗುತ್ತದೆ. ಎಣ್ಮಕಜೆಯ ಗುಡ್ಡಗಳ ಗೇರು ತೋಟಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಕೆಳಗೆ ಬಾಯಿ ತೆರೆದ ಬಾವಿ, ತೋಡು, ಸುರಂಗದ ಟಾಂಕಿ. ಸುಪ್ರೀಂ ಕೋರ್ಟ್ ಅದಕ್ಕೆ ದೇಶದಲ್ಲೇ ತಡೆ ಹಾಕಿದ್ದು 2011ರಲ್ಲಿ. ಅಷ್ಟರೊಳಗೆ ಎಷ್ಟು ಮಕ್ಕಳು ಹಾಸಿಗೆಯಿಂದ ಏಳಲಾಗದೆ ಹೋದರು. ಆ ಮನೆಗಳಿಗೆ ಹೋಗಿ ಬಂದವನು ನಾನು. ಮೂವತ್ತು ವರ್ಷದ ಮಗನಿಗೆ ಚಮಚದಲ್ಲಿ ಗಂಜಿ ಕುಡಿಸುವ ತಾಯಿಯನ್ನು ನೋಡಿದ್ದೇನೆ. ಅಂಥ ನೆಲದಲ್ಲಿ ಒಂದು ಮಗುವಿನ ಹಣೆಗೆ ಶುದ್ಧ ನೀರು ಬೀಳುವುದು ಸಣ್ಣ ಸಂಗತಿ ಅಲ್ಲ.

ಬಟ್ಟೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಆನ್‌ಲೈನಿನ ಚುಚ್ಚುವ ಬಲೆಯ ಫ್ರಾಕ್ ಬೇಡ. ಕಾಸರಗೋಡಿನ ಕೈಮಗ್ಗದ ಹತ್ತಿ ಬಟ್ಟೆ ಸಿಗುತ್ತದೆ, ಅದರಲ್ಲಿ ಬಿಳಿಯದೊಂದು ಹೊಲಿಸಿ. ನಿಮ್ಮ ಭಾನುವಾರಕ್ಕೆ ಅದು ಹೇಳಿ ಮಾಡಿಸಿದ ಹಾಗಿದೆ. ಹಿಂದೆ ಈಸ್ಟರ್ ರಾತ್ರಿ ಜ್ಞಾನಸ್ನಾನ ಪಡೆದವರು ಎಂಟು ದಿನ ಬಿಳಿ ಬಟ್ಟೆಯಲ್ಲೇ ಇರುತ್ತಿದ್ದರು. ಅದಕ್ಕೇ ಈಸ್ಟರ್ ಆದ ಮುಂದಿನ ಭಾನುವಾರಕ್ಕೆ ಲ್ಯಾಟಿನ್‌ನಲ್ಲಿ ಬಿಳಿ ಬಟ್ಟೆಯ ಭಾನುವಾರ ಅಂತಲೇ ಹೆಸರು. ಊಟಕ್ಕೂ ಹಳೆಯ ದಾರಿ ಇದೆ. ಹೊಸದಾಗಿ ದೀಕ್ಷೆ ಪಡೆದವರಿಗೆ ಆಗ ಹಾಲು ಜೇನು ಬೆರೆಸಿ ಕೊಡುತ್ತಿದ್ದರು. ನೀವು ತೆಂಗಿನ ಹಾಲು, ಬೇಳೆ, ಬೆಲ್ಲ ಹಾಕಿದ ವೊರ್ನ್ ಮಾಡಿಸಿ, ಮೇಲೆ ಒಂದೊಂದು ಹನಿ ಮುಜಂಟಿ ಜೇನು ಬಿಡಿ. ಅಜ್ಜಿಯರು ಮಗುವಿನ ನಾಲಿಗೆಗೂ ಹಚ್ಚಲು ಬರುತ್ತಾರೆ, ಬಿಡಬೇಡಿ. ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದು ಎಂದು ಡಾಕ್ಟರುಗಳು ಹೇಳುತ್ತಾರೆ.

ಈಗ ನಿಮಗೆ ಸ್ವಲ್ಪ ಬೈಯಬೇಕು. ನಾಲ್ಕು ಪುಟದಲ್ಲಿ ಯುನಿಕಾರ್ನ್ ಐದು ಸಲ ಬಂದಿದೆ. ಮಗುವಿನ ಹೆಸರು ಒಂದು ಸಲವೂ ಇಲ್ಲ! ಇಗರ್ಜಿಯ ಬಾಗಿಲಲ್ಲಿ ಫಾದರ್ ಕೇಳುವ ಮೊದಲ ಪ್ರಶ್ನೆಯೇ ಮಗುವಿಗೆ ಏನು ಹೆಸರಿಟ್ಟಿದ್ದೀರಿ ಅಂತ. ಆ ಹೆಸರನ್ನು ವೇದಿಕೆಯಲ್ಲಿ ದೊಡ್ಡದಾಗಿ ಕನ್ನಡ ಅಕ್ಷರದಲ್ಲಿ ಬರೆಸಿ. ಆಮಂತ್ರಣ ಪತ್ರಿಕೆಯೂ ಕನ್ನಡದಲ್ಲಿರಲಿ. ಕೊಂಕಣಿಯಲ್ಲಿ ಬರೆದರೆ ಇನ್ನೂ ಸಂತೋಷ, ಅಕ್ಷರ ಹೇಗೂ ಕನ್ನಡದ್ದೇ. 1912ರಲ್ಲಿ ಮಂಗಳೂರಿನಿಂದ ‘ಕೊಂಕಣಿ ದಿರ್ವೆಂ’ ಪತ್ರಿಕೆ ಹೊರಟಾಗಲೂ ಕನ್ನಡ ಲಿಪಿಯಲ್ಲೇ ಅಚ್ಚಾಗಿತ್ತು.

ಕಳೆದ ಒಂದು ವರ್ಷದಲ್ಲಿ ನನಗೆ ಬಂದ ಜ್ಞಾನಸ್ನಾನದ ಕಾರ್ಡುಗಳನ್ನು ಎತ್ತಿಟ್ಟಿದ್ದೇನೆ. ಒಂಬತ್ತು ಇವೆ. ಒಂಬತ್ತೂ ಇಂಗ್ಲಿಷ್. ಆ ಒಂಬತ್ತು ಮನೆಗಳ ಅಜ್ಜಿಯರಲ್ಲಿ ಆ ಕಾರ್ಡು ಓದಬಲ್ಲವರು ಒಬ್ಬರೋ ಇಬ್ಬರೋ. ಎರಡನೇ ವ್ಯಾಟಿಕನ್ ಮಹಾಸಭೆ 1962ರಿಂದ 1965ರವರೆಗೆ ನಡೆದು, ರೋಮ್ ತಾನೇ ಲ್ಯಾಟಿನ್ ಪಟ್ಟು ಸಡಿಲಿಸಿ ಜನರ ಮಾತಿನಲ್ಲಿ ಪೂಜೆ ಮಾಡಿ ಅಂದಿತು. ದೇವರು ನಮ್ಮ ಮಾತಿಗೆ ಬಂದ. ನಾವು ಕಾರ್ಡಿಗೆ ಬೇರೆ ಮಾತು ಹುಡುಕುತ್ತಿದ್ದೇವೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿ, ಗಡಿ ನಮ್ಮ ತಲೆಯ ಮೇಲಿಂದ ಹೋಯಿತು. ಕೇಳಿದವರಿಲ್ಲ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಅಂದಾಗ ಬೀದಿಗಿಳಿದೆವು. ಮಲಯಾಳದ ಮೇಲೆ ನಮಗೇನೂ ಸಿಟ್ಟಿಲ್ಲ, ಪಕ್ಕದ ಮನೆಯ ಮಾತು ಅದು. ಕನ್ನಡ ಬಾರದ ಮಾಸ್ಟರನ್ನು ಕನ್ನಡ ಶಾಲೆಗೆ ಹಾಕಿದರೆ ಈಗಲೂ ಧರಣಿ ಕೂರುತ್ತೇವೆ, ಕೂರಲೇಬೇಕು. ಆದರೆ ಧರಣಿಯಲ್ಲಿ ನನ್ನ ಪಕ್ಕ ಕೂತವರ ಮನೆಯ ಕಾರ್ಡೇ ಇಂಗ್ಲಿಷಿನಲ್ಲಿ ಬಂದರೆ ಯಾರ ಹತ್ತಿರ ಹೇಳಿಕೊಳ್ಳಲಿ? ಸರಕಾರದ ಆದೇಶ ತಿದ್ದಿಸಲು ವರ್ಷ ಹಿಡಿಯುತ್ತದೆ. ಕಾರ್ಡು ತಿದ್ದಲು ಪ್ರೆಸ್ಸಿನವನಿಗೆ ಒಂದು ಫೋನ್ ಸಾಕು.

ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಅವರು ಕ್ರೈಸ್ತರಲ್ಲ. ಆದರೂ ಯೇಸುವಿನ ಕೊನೆಯ ದಿನವನ್ನು ‘ಗೊಲ್ಗೊಥಾ’ ಎಂಬ ಕಾವ್ಯವಾಗಿ ಕನ್ನಡದಲ್ಲಿ ಬರೆದರು. ನಿಮ್ಮ ಮನೆಯಿಂದ ಮಂಜೇಶ್ವರ ಎಷ್ಟು ದೂರ? ಶಿಲುಬೆಯ ಕಥೆಯನ್ನೇ ಹೊತ್ತ ಕನ್ನಡಕ್ಕೆ ನಿಮ್ಮ ಮಗಳ ಜ್ಞಾನಸ್ನಾನದ ನಾಲ್ಕು ಸಾಲು ಭಾರವೇ?

ಮೈದುನನಿಗೆ ಈ ಉತ್ತರ ಓದಿ ಹೇಳಿ. ದುಡ್ಡು ಕೊಡಲೇಬೇಕು ಅಂದರೆ ನಿಮ್ಮ ಸುರಂಗದ ಮಣ್ಣು ತೆಗೆಸಲು ಕೊಡಲಿ. ಮಳೆಗಾಲಕ್ಕೆ ಮುಂಚೆ ಆ ಕೆಲಸ ಮುಗಿದರೆ ಬರುವ ಏಪ್ರಿಲ್‌ನಲ್ಲಿ ಮಗುವಿನ ಸ್ನಾನಕ್ಕೆ ನೀರು ಸಾಲುತ್ತದೆ. ಬತ್ತಿಯನ್ನು ಕಾರಿನಲ್ಲಿ ಬಿಡಬೇಡಿ. ಕಾರ್ಡು ಅಚ್ಚಾದ ಮೇಲೆ ಒಂದು ನನಗೂ ಕಳಿಸಿ. ಹೆಸರು ಏನಿಟ್ಟಿರಿ ಅಂತ ನೋಡಬೇಕು.