ತನ್ನಷ್ಟಕ್ಕೆ ಮಾತಾಡುವ ಮಗ: ಆಟಿಸಮ್ಮೋ, ಸೈಕೋಸಿಸ್ಸೋ?

ಪ್ರಶ್ನೆ: ನನ್ನ ಮಗನಿಗೆ 9 ವರ್ಷ. 3 ವರ್ಷ ತುಂಬುವವರೆಗೂ ಅವನಿಗೆ ಮಾತು ಬಂದಿರಲಿಲ್ಲ. ಹೆಸರು ಹಿಡಿದು ಕರೆದರೂ ತಿರುಗಿ ನೋಡುತ್ತಿರಲಿಲ್ಲ. ಈಗ ಮಾತಾಡುತ್ತಾನೆ, ಆದರೆ ಹೆಚ್ಚಾಗಿ ತನ್ನಷ್ಟಕ್ಕೆ. ‘ಹುನಗುಂದ, ಅಮೀನಗಡ, ಬಾಗಲಕೋಟೆ’ ಎಂದು ಕಂಡಕ್ಟರ್ ಕೂಗುವುದನ್ನು ಅದೇ ಧಾಟಿಯಲ್ಲಿ ಒಪ್ಪಿಸುತ್ತಾನೆ, ನಡುನಡುವೆ ನಗುತ್ತಾನೆ. ‘ಯಾರದಾದರೂ ದನಿ ಕೇಳಿಸುತ್ತದೆಯೇ?’ ಎಂದು ವೈದ್ಯರು ಕೇಳಿದಾಗ ‘ಹೌದು’ ಎಂದ. ಸೈಕೋಸಿಸ್ ಇರಬಹುದೆಂದು ಅವರು ಮಾತ್ರೆ ಬರೆದಿದ್ದಾರೆ. ಶಾಲೆಯ ಶಿಕ್ಷಕಿ ಆಟಿಸಂ ಎನ್ನುತ್ತಾರೆ. ಯಾರ ಮಾತು ನಂಬಲಿ?
– ಒಬ್ಬ ತಾಯಿ, ಇಳಕಲ್

ಉತ್ತರ: ಪತ್ರವನ್ನಷ್ಟೇ ಓದಿ ಕಾಯಿಲೆಯ ಹೆಸರು ಹೇಳುವುದು ಸರಿಯಲ್ಲ. ಆದರೂ ನಿಮ್ಮ ಪತ್ರದಲ್ಲಿ ತೂಕದ ಮಾತು ದನಿಯ ವಿಷಯವಲ್ಲ, 3 ವರ್ಷದೊಳಗೆ ಅವನು ಹೇಗಿದ್ದ ಎಂಬುದು. ಆಟಿಸಂ, ಅಂದರೆ ಮಾತು ಮತ್ತು ಜನರೊಡನೆ ಬೆರೆಯುವ ರೀತಿ ಬೇರೆಯಾಗಿರುವ ಸ್ಥಿತಿ, ಮಗುವಿನ ಬೆಳವಣಿಗೆಯ ಜೊತೆಗೇ ಬರುತ್ತದೆ. ವಾಸ್ತವದ ಅರಿವು ತಪ್ಪುವ ಸೈಕೋಸಿಸ್‌ನಲ್ಲಿ ಹಾಗಲ್ಲ, ಓದು, ಆಟ, ಗೆಳೆಯರು ಎಂದು ತಕ್ಕಮಟ್ಟಿಗೆ ಇದ್ದ ಮಗು ಕ್ರಮೇಣ ಮಂಕಾಗಿ, ನಿದ್ದೆಗೆಟ್ಟು, ಇಲ್ಲದ್ದನ್ನು ಕಂಡು ಕೇಳಿ ಹೆದರಿ, ಮನೆಯವರನ್ನೇ ಅನುಮಾನಿಸತೊಡಗುತ್ತದೆ. ಸೈಕೋಸಿಸ್‌ನ ಒಂದು ಮುಖ್ಯ ಬಗೆಯಾದ ಸ್ಕಿಜೋಫ್ರೇನಿಯಾ 13 ವರ್ಷದೊಳಗೆ ಶುರುವಾಗುವುದು ಬಹಳ ಅಪರೂಪ.

ಈ ಗೊಂದಲ ಹಳೆಯದು. ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ 1943ರಲ್ಲೇ ಆಟಿಸಂ ಅನ್ನು ವಿವರಿಸಿದ್ದರೂ ಅಮೆರಿಕದ ಮನೋವೈದ್ಯರ 1968ರ ಕೈಪಿಡಿ ಇಂಥ ಮಕ್ಕಳನ್ನು ಬಾಲ್ಯದ ಸ್ಕಿಜೋಫ್ರೇನಿಯಾದ ಲೆಕ್ಕಕ್ಕೇ ಸೇರಿಸಿತ್ತು. ತೊಂದರೆ ಶುರುವಾದ ವಯಸ್ಸನ್ನು ನೋಡಿದರೆ ಎರಡೂ ಗುಂಪುಗಳು ಬೇರೆ ಎಂದು ಇಂಗ್ಲೆಂಡಿನ ಮನೋವೈದ್ಯ ಇಸ್ರೇಲ್ ಕೋಲ್ವಿನ್ 1971ರಲ್ಲಿ ತೋರಿಸಿದರು, 1980ರ ಕೈಪಿಡಿಯಲ್ಲಿ ಆಟಿಸಂ ಪ್ರತ್ಯೇಕವಾಯಿತು.

ಇನ್ನು ಆ ‘ಹೌದು’. ಆಟಿಸಂ ಇರುವ ಅನೇಕ ಮಕ್ಕಳು ಪ್ರಶ್ನೆಯನ್ನು ಇದ್ದದ್ದು ಇದ್ದ ಹಾಗೆ ಅರ್ಥಮಾಡಿಕೊಳ್ಳುತ್ತಾರೆ. ಎದುರಿಗೆ ಕುಳಿತ ವೈದ್ಯರ ದನಿ ಅವನಿಗೆ ಕೇಳಿಸುತ್ತಲೇ ಇತ್ತಲ್ಲ! ಆ ಒಂದು ಉತ್ತರದ ಮೇಲೆ ಸೈಕೋಸಿಸ್ ಎನ್ನುವುದು ಅವಸರವೆಂದೇ ನನ್ನ ಅಭಿಪ್ರಾಯ. ಕಂಡಕ್ಟರನ ಕೂಗನ್ನು ಒಪ್ಪಿಸುವುದು ಎಕೊಲೇಲಿಯಾ, ಅಂದರೆ ಕೇಳಿದ್ದನ್ನು ಕೇಳಿದಂತೆ ಮರುನುಡಿಯುವುದು ಇರಬಹುದು. ಕಿವಿ ಮುಚ್ಚಿಕೊಳ್ಳುವ ಮಕ್ಕಳು ಎರಡೂ ಕಡೆ ಸಿಗುತ್ತಾರೆ. ನಿಮ್ಮ ಮಗನೂ ಹಾಗೆ ಮಾಡುತ್ತಿದ್ದರೆ, ಮುಚ್ಚಿಕೊಳ್ಳುವುದು ಮಿಕ್ಸರ್ ಸದ್ದಿಗೋ, ಸದ್ದೇ ಇಲ್ಲದ ಕೋಣೆಯಲ್ಲೋ ಎಂಬುದನ್ನು ನೀವೇ ಗಮನಿಸಿ ಹೇಳಬೇಕು.

ಹಾಗೆಂದು ಆಟಿಸಂ ಇದ್ದವರಿಗೆ ಸೈಕೋಸಿಸ್ ಬರುವುದೇ ಇಲ್ಲವೆಂದಲ್ಲ. ಇತ್ತೀಚೆಗೆ ಅವನ ಸ್ವಭಾವ ಸ್ಪಷ್ಟವಾಗಿ ಬದಲಾಗಿದ್ದರೆ ಅದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು; ಫಿಟ್ಸ್ ಬಂದರೆ, ಕಲಿತ ಮಾತು ನಿಂತುಹೋದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಕಿವಿಯ ಪರೀಕ್ಷೆಯನ್ನಂತೂ ಒಮ್ಮೆ ಮಾಡಿಸಿಬಿಡಿ.

ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ಇನ್ನೊಮ್ಮೆ ತೋರಿಸುವುದು ಒಳ್ಳೆಯದು. ಹೋಗುವಾಗ ತಾಯಿ ಕಾರ್ಡ್, ಮೊದಲಿನ ಚೀಟಿಗಳು, ಅವನು ತನ್ನಷ್ಟಕ್ಕೆ ಮಾತಾಡುವಾಗ ಮೊಬೈಲಿನಲ್ಲಿ ತೆಗೆದ ವಿಡಿಯೊ, ಎಳವೆಯ ವಿಡಿಯೊ ಇದ್ದರೆ ಅದೂ ಜೊತೆಗಿರಲಿ. ಅಷ್ಟರಲ್ಲಿ ಸಲಹೆ ಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಮಾತ್ರೆ ಶುರುಮಾಡಿದ್ದರೆ ನೀವಾಗಿಯೇ ದಿಢೀರನೆ ನಿಲ್ಲಿಸಬೇಡಿ. ಬರೆದ ವೈದ್ಯರನ್ನೇ ಯಾವ ಲಕ್ಷಣಕ್ಕಾಗಿ ಕೊಟ್ಟಿದ್ದೀರಿ ಎಂದು ಕೇಳಿ. ಇಂಥ ಕೆಲವು ಮಾತ್ರೆಗಳನ್ನು ಆಟಿಸಂನಲ್ಲೂ ವಿಪರೀತ ಸಿಟ್ಟಿಗೆ, ತನ್ನನ್ನೇ ಹೊಡೆದುಕೊಳ್ಳುವುದಕ್ಕೆ ಕೊಡುವುದುಂಟು. ಮಾತು ಕಲಿಸುವ ಶಕ್ತಿ ಅವಕ್ಕಿಲ್ಲ, ಅದಕ್ಕೆ ಸ್ಪೀಚ್ ಥೆರಪಿಯೇ ಬೇಕು.